ತಮ್ಮ ಹೋಗಿ 11 ತಿಂಗಳಾತು, ಎಲ್ಲಾರೂ ‘ಒಪ್ಕೋ’ ಅಂತಾರ. ಒಪ್ಕೊಳ್ಳೋದು ಅಂದ್ರ ಏನ್ ಮಾಡೋದ್ರಿ?

ಹಸಿಜೋಳ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ಇಷ್ಟುದ್ದ ಬರಿಯೋದು ನನಗ ರೂಢಿ ಇಲ್ಲ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ನನ್ನ ತಮ್ಮ, 27 ವಯಸ್ಸು, ಹೋದ ಎಳ್ಳ ಅಮಾಸಿ ಆಗಿ ಮೂರು ವಾರಕ್ಕ ಬೈಕ್ ಆಕ್ಸಿಡೆಂಟ್‌ನಾಗ ಹೋದ. ಕಪನೂರ ಕಡೆ ಒಂದು ದಾಲ್ ಮಿಲ್‌ನಾಗ ಲೆಕ್ಕ ಬರೀತಿದ್ದ, ದಿನಾ ಕೆಲಸ ಬಿಟ್ಟ ಮ್ಯಾಲ ರಿಂಗ್ ರೋಡ್ ಹಿಡ್ದು ಸೀದಾ ಮನಿಗಿ ಬರಾವ. ಅವತ್ತ ನಾನೇ ಫೋನ್ ಹಚ್ಚಿ, ಬರೋವಾಗ ಸೂಪರ್ ಮಾರ್ಕೆಟ್ ಕಡೆ ಹಾದು ಮಗಳ ಪ್ರಾಜೆಕ್ಟಿಗಿ ನಾಕು ಚಾರ್ಟ್ ಪೇಪರ್ ತಗೊಂಡು ಬಾ ಅಂದೆ. ಪೇಪರ್ ತಗೊಂಡು ವಾಪಸ್ ಬರೋವಾಗ್ಲೇ ಟ್ಯಾಂಕರ್ ಬಡೀತು. ಪೊಲೀಸ್ರು ಬ್ಯಾಗ್ ತಂದು ಕೊಟ್ಟಾಗ ಚಾರ್ಟ್ ಪೇಪರ್ ಸುರುಳಿಗಿ ಹಾಕಿದ್ದ ರಬ್ಬರ್ ಹಂಗೇ ಇತ್ತು, ಒಂದು ಮಡಿಕಿ ಸೈತ ಬಿದ್ದಿರಲಿಲ್ಲ. ಆ ಸುರುಳಿ ಇನ್ನೂ ಅಲ್ಮಾರಿ ಮ್ಯಾಲ ಅದಾ. ತೆಗೀಲಾಕೂ ಆಗವಲ್ದು, ನೋಡ್ಲಾಕೂ ಆಗವಲ್ದು.

ಮಾತಾಡ್ಸ್ಲಾಕ ಬಂದವ್ರು ಒಬ್ಬೊಬ್ರು ಒಂದೊಂದು ಹೇಳಿ ಹೋದ್ರು. ಅವನ ಋಣ ಅಷ್ಟೇ ಇತ್ತು, ದೇವ್ರು ಒಳ್ಳೇವ್ರಿಗೇ ಲಗೂ ಕರ್ಕೋತಾನ, ಮರಣವೇ ಮಹಾನವಮಿ, ಒಪ್ಕೋ ತಂಗಿ ಒಪ್ಕೋ. ಒಬ್ಬರಂತೂ ಮಣ್ಣು ಮಾಡಿ ಬಂದ ದಿನಾನೇ ‘ಮಹಾನವಮಿ’ ಅಂದ್ರು, ನಮ್ಮ ಅಪ್ಪ ಎದ್ದು ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತ, ರಾತ್ರಿ ತನಕ ಒಳಗ ಬರಲಿಲ್ಲ.

ಈಗ ಅವ್ವಂದು. ನಾನೂ ನನ್ನ ಮಗಳೂ ಅವ್ವನ ಮನ್ಯಾಗೇ ಇರ್ತೀವಿ (ಅದು ಬ್ಯಾರೆ ಕಥಿ, ಬ್ಯಾಡ). ಮನ್ಯಾಗ ನಾಕು ಮಂದಿ, ಎಂಟು ರೊಟ್ಟಿ ಸಾಕು. ಅವ್ವ ಈಗೂ ಹನ್ನೆರಡು ಬಡೀತಾಳ. ತಮ್ಮ ನಾಕು ತಿಂತಿದ್ದ, ಅದ್ರಾಗ ಒಂದು ಬಿಸೀದು ಇರೋವಾಗ್ಲೇ ಬಳ್ಳೊಳ್ಳಿ ಹಾಕಿ ಮುಟಗಿ ಮಾಡಿಸ್ಕೊಂಡು ತಿನ್ನಾವ. ಆ ನಾಕು ರೊಟ್ಟಿ ಬಟ್ಟ್ಯಾಗ ಸುತ್ತಿ ಬುಟ್ಟ್ಯಾಗ ಇಡ್ತಾಳ, ಮುಂಜಾನಿ ಎದ್ದು ಹಿಂದಿನ ಓಣಿ ಎಮ್ಮಿಗಿ ಹಾಕಿ ಬರ್ತಾಳ. ಒಂದು ದಿನಾನೂ ತಪ್ಪಿಲ್ಲ. ಮತ್ತ ಒಂದು ದಿನಾನೂ ಬಾಯಿ ಬಿಟ್ಟು ಅತ್ತಿಲ್ಲ. ನಮ್ಮ ಅತ್ತಿ ಹೇಳ್ತಾಳ, ಇದು ಹುಚ್ಚಿನ ಲಕ್ಷಣ, ಮೊದ್ಲು ನಿಲ್ಲಿಸು ಅಂತ.

ಇನ್ನೊಂದು. ಇನ್ನ ಹತ್ತು ದಿನಕ್ಕ ಎಳ್ಳ ಅಮಾಸಿ ಬಂತು. ಚಿತ್ತಾಪುರ ಕಡೆ ನಮ್ಮದು ಜರಾ ಹೊಲಾ ಅದಾ, ಹೋದ ವರ್ಷ ಚರಗಾ (ಅಮಾಸಿ ದಿನ ಹೊಲದ ತುಂಬ ಚೆಲ್ಲೋ ನೈವೇದ್ಯ) ಚೆಲ್ಲಿದವ ಅವನೇ. ಒಬ್ಬೊಬ್ರು ವರ್ಷ ತುಂಬೋ ತನಕ ಹಬ್ಬ ಇಲ್ಲ ಅಂತಾರ, ಅಪ್ಪ ಹೊಲಾನೇ ಪಾಲಿಗಿ ಕೊಟ್ಟುಬಿಡೋಣು ಅಂತಾನ.

ನನ್ನ ಪ್ರಶ್ನೆ ಇಷ್ಟೇ. ಒಪ್ಕೊಳ್ಳೋದು ಅಂದ್ರ ಆಗಿದ್ದು ಸರಿ ಅಂತ ಅನ್ನೋದಾ? ಮರೆಯೋದಾ? ನಾ ಫೋನ್ ಮಾಡಿದ್ದನ್ನ ಯಾವ ಲೆಕ್ಕಕ್ಕ ಬರ್ಕೊಳ್ಳಿ? ಅವ್ವಗ ರೊಟ್ಟಿ ಬಂದ್ ಮಾಡು ಅನ್ಲೋ ಬ್ಯಾಡೋ? ಯಾರಿಗರ ಹಿಂಥಾದು ಆಗಿದ್ರ ಹೇಳ್ರಿ.

ಶಿವನಿಚ್ಛೆ

ತಂಗಿ, ಹುಟ್ಟು ಸಾವು ಎರಡೂ ಆ ಶಿವನ ಕೈಯಾಗ. ನಾವು ಯಾರು ಕೇಳಾವ್ರು. ಅಳಬ್ಯಾಡ್ರಿ, ನೀವು ಅತ್ತಷ್ಟೂ ಹೋದ ಜೀವಕ್ಕ ಶಾಂತಿ ಸಿಗಂಗಿಲ್ಲ. ಎಲ್ಲಾ ಅವನ ಮ್ಯಾಲ ಬಿಟ್ಟು ಒಪ್ಕೊಳ್ರಿ, ಹಗುರ ಆಗ್ತದ. ಓಂ ನಮಃ ಶಿವಾಯ.

ಶಹಾಬಾದ್‌ಕಲ್ಲು

ಮ್ಯಾಲಿನ ಅಣ್ಣಾರಿಗೆ ಸಿಟ್ಟಿಲೆ ಬರೀಬಾರದು ಅಂತ ಒಂದು ತಾಸು ಬಿಟ್ಟು ಬರಿಲತ್ತೀನಿ, ಆದ್ರೂ ಸಿಟ್ಟು ಇಳದಿಲ್ಲ.

‘ಅತ್ರ ಶಾಂತಿ ಸಿಗಂಗಿಲ್ಲ’ ಅಂತ ನನಗೂ ಹೇಳಿದ್ರು. 2017ರಾಗ ನನ್ನ ಮಗಳು ಆರು ವರ್ಷದಾಕಿ ಜ್ವರದಾಗ ಹೋದ್ಲು, ಮೂರೇ ದಿನ, ಸೋಮವಾರ ಸಾಲಿಗಿ ಹೋದಾಕಿ ಗುರುವಾರ ಇಲ್ಲ. ಮಗಳಿಗಿ ಶಾಂತಿ ಸಿಗಲಿ ಅಂತ ನಾ ಆರು ತಿಂಗಳು ಅಳಲೇ ಇಲ್ರಿ, ಹಲ್ಲು ಕಚ್ಚಿ ಕುಂತೆ. ಅದರಿಂದ ಆಗಿದ್ದು ಏನಂದ್ರ ರಾತ್ರಿ ಹಲ್ಲು ಕಡದು ಕಡದು ದವಡಿ ಹಲ್ಲು ಸೀಳಿತು, ಹಲ್ಲಿನ ಡಾಕ್ಟರ್ ಹೇಳಿದ ಮ್ಯಾಲೇ ಗೊತ್ತಾಗಿದ್ದು. ಮಗಳಿಗಿ ಶಾಂತಿ ಸಿಕ್ತೋ ಇಲ್ಲೋ, ಹೆಂಡ್ತಿಗಂತೂ ಸಿಗಲಿಲ್ಲ, ‘ಇವಗ ಕಲ್ಲಿನ ಎದಿ’ ಅಂತ ತವರಿಗಿ ಹೋಗಿ ಕುಂತಳು. ಹೆಸರಿಗಿ ತಕ್ಕ ಮನಷ್ಯಾ ಆಗಿದ್ದೆ.

ಈಗ ಒಪ್ಕೊಳ್ಳೋದು ಅಂದ್ರಿ, ಅದು ನನಗ ಹ್ಯಾಂಗ ಬಂತು ಹೇಳ್ತೀನಿ, ದೇವರ ಮನ್ಯಾಗ ಬರಲಿಲ್ಲ, ಆಫೀಸ್‌ನಾಗ ಬಂತು. ಮರಣದ ಸರ್ಟಿಫಿಕೇಟ್ ನಮ್ಮ ಅಣ್ಣನೇ ತಂದಿದ್ದ, 21 ದಿನದ ಒಳಗ ಬರೆಸಬೇಕು ಅಂತ ಅವಸರ ಮಾಡಿ. ರೇಷನ್ ಕಾರ್ಡ್‌ನಾಗಿಂದ ಹೆಸರು ತೆಗಸೋದು ಮಾತ್ರ ನನ್ನ ಪಾಲಿಗಿ ಉಳೀತು. ಮೂರು ಸಲ ಹೋದೆ, ಮೂರು ಸಲಾನೂ ಪಾಳಿ ಬರೋ ಹೊತ್ತಿಗಿ ಹೊರಗ ಬಂದು ಚಾ ಕುಡ್ದು ಮನಿಗಿ ಬಂದೆ. ನಾಕನೇ ಸಲ ಕಿಟಕಿ ಮುಂದ ನಿಂತೆ. ಒಳಗ ಒಬ್ಬ ಅಕ್ಕಾರು ಇದ್ರು, ಯಾರ ಹೆಸರು ತೆಗೀಬೇಕ್ರಿ ಅಂದ್ರು. ನನ್ನ ಬಾಯಿಲೆ ಹೆಸರು ಬರವಲ್ದು. ಏಪ್ರಿಲ್ ತಿಂಗಳ, ಅವಾಗ ನಮ್ಮ ಕಡೆ ಆಫೀಸ್ ಮುಂಜಾನಿ ಎಂಟಕ್ಕ ತೆಗೆದು ಮಧ್ಯಾಹ್ನ ದೀಡಕ್ಕೆಲ್ಲ ಬಂದ್, ಗಂಟಿ ಒಂದಾಗಿತ್ತು, ಹಿಂದ ಇಪ್ಪತ್ತು ಮಂದಿ ಒದರ್ಲತ್ತಿದ್ರು. ಆ ಅಕ್ಕಾರು ನನ್ನ ಕೈಯಾಗಿನ ಕಾಗದಾ ನೋಡಿದ್ರು, ವಯಸ್ಸು ಆರು ಅಂತ ಓದಿರಬೇಕು. ಹಿಂದಿನ ಬಾಗಲಿಲೆ ಒಳಗ ಕರೆದು, ಖುರ್ಚಿ ಹಾಕಿ, ಒಂದು ಗ್ಲಾಸ್ ನೀರು ಕೊಟ್ಟು, ‘ಅವಸರ ಇಲ್ರಿ, ಇವತ್ತ ಆಗಲಿಲ್ಲಂದ್ರ ನಾಳಿ ಬರ್ರಿ, ನಾಳಿ ಆಗಲಿಲ್ಲಂದ್ರ ಮುಂದಿನ ವಾರ ಬರ್ರಿ, ನಾ ಇರ್ತೀನಿ’ ಅಂದ್ರು. ಅಷ್ಟೇ. ಅಲ್ಲೇ ಕುಂತು ಅತ್ತೆ ನೋಡ್ರಿ, ಆಫೀಸ್ ಬಂದ್ ಆಗೋ ತನಕ. ಆಮ್ಯಾಲ ನಾನೇ ಸೈ ಮಾಡಿದೆ.

ಆ ಸೈ ಅಂದ್ರ ‘ನನಗ ಇದು ಸೈ’ ಅಂತ ಅರ್ಥ ಏನು? ಅಲ್ರಿ. ಆಕಿ ಹೋಗ್ಯಾಳ ಅನ್ನೋದು ಖರೆ, ಅಷ್ಟಕ್ಕ ಸೈ. ಹೋಗಿದ್ದು ಸರಿ ಅಂತ ನಾ ಎಲ್ಲೂ ಬರದುಕೊಟ್ಟಿಲ್ಲ, ಸಾಯೋ ತನಕ ಬರದೂ ಕೊಡಂಗಿಲ್ಲ.

ಅವ್ವನ ರೊಟ್ಟಿ ಬಗ್ಗೆ: ತಡೀಬ್ಯಾಡ್ರಿ. ನಿಮ್ಮ ಅತ್ತಿಗಿ ಹೇಳ್ರಿ, ನಾಕು ರೊಟ್ಟಿ ಹಿಟ್ಟಿಗಿ ಯಾರೂ ಮನಿ ಮಾರ್ಕೊಂಡಿಲ್ಲ ಅಂತ.

ರೋಜಾ_ಗಲ್ಲಿ

ಅಕ್ಕಾ, ನಾನು ಇಲ್ಲೇ ದರ್ಗಾ ಬಗಲಿನಾವ. ಬಂದೇ ನವಾಜ್ ದರ್ಗಾ ಕಟ್ಟಿ ಮ್ಯಾಲ ಕುಂತು ಅಳೋ ಮಂದೀನ ಸಣ್ಣಾವ ಇದ್ದಾಗಿಂದ ನೋಡಿ ಬೆಳದೀನಿ, ಯಾವ ಜಾತಿ ಅಂತ ಯಾರೂ ಕೇಳಂಗಿಲ್ಲ, ಕುಂತು ಅತ್ತು ಎದ್ದು ಹೋಗ್ತಾರ.

ನಮ್ಮಲ್ಲಿ ಯಾರರ ಹೋದ್ರ ‘ಸಬರ್ ಮಾಡು’ ಅಂತಾರ, ನಿಮಗ ‘ಒಪ್ಕೋ’ ಅಂದಂಗ. ನನಗೂ ಆ ಮಾತು ಕೇಳಿದ್ರ ತಲಿ ಕೆಡ್ತಿತ್ತು. ಆಮ್ಯಾಲ ನಮ್ಮ ಮೊಹಲ್ಲಾದ ಒಬ್ಬ ಹಿರಿ ಮೌಲಾನಾ ಸಾಹೇಬ್ರು ಹೇಳಿದ್ರು, ಸಬರ್ ಅಂದ್ರ ಕಣ್ಣೀರು ನುಂಗೋದು ಅಲ್ಲ ಬೇಟಾ, ಪ್ರವಾದಿಗಳ ಸಣ್ಣ ಮಗ ಇಬ್ರಾಹಿಂ ತೀರ್ಕೊಂಡಾಗ ಅವರೇ ಅತ್ತಾರ, ಬಗಲಾಗಿದ್ದವ್ರು ನೀವೂ ಅಳ್ತೀರೇನು ಅಂತ ಕೇಳಿದ್ರ ಇದು ದಯಾ ಅಂತ ಹೇಳ್ಯಾರ, ನೀ ಅವರಕಿಂತ ದೊಡ್ಡಾವೇನು ಅಂತ. ಇನ್ನೊಂದೂ ಹೇಳಿದ್ರು, ಜಾಫರ್ ಅನ್ನೋವ್ರು ಹೋದಾಗ ಅವರ ಮನಿಗಿ ಅಡಗಿ ಮಾಡಿ ಕಳಸ್ರಿ, ಅವರಿಗಿ ಈಗ ಅಡಗಿ ಮಾಡೋ ಶಕ್ತಿ ಇಲ್ಲ ಅಂತ ಪ್ರವಾದಿಗಳು ಹೇಳಿದ್ರಂತ. ಉಪದೇಶ ಕಳಸ್ರಿ ಅನ್ನಲಿಲ್ಲ ನೋಡ್ರಿ, ಅಡಗಿ ಕಳಸ್ರಿ ಅಂದ್ರು.

ನಮ್ಮ ಅಮ್ಮಿ 2021ರ ಮೇ ತಿಂಗಳಾಗ ಕೋವಿಡ್‌ನಾಗ ಹೋದ್ಲು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಾಗ ನಮ್ಮ ಊರಾಗೇ ಆಗಿದ್ದು ನಿಮಗೂ ಗೊತ್ತು, ಅವಾಗಿಂದ ನಮ್ಮ ಮಂದಿ ಭಾಳ ಹೆದರಿದ್ರು. ನನಗೂ ಪಾಸಿಟಿವ್ ಇತ್ತು. ಕಬರಸ್ತಾನ್ ಗೇಟ್ ಹೊರಗ ದೂರ ನಿಂದ್ರಿಸಿದ್ರು. ಅಮ್ಮಿಗಿ ಸ್ನಾನ ಮಾಡಿಸ್ಲಾಕ ಆಗಲಿಲ್ಲ, ಮುಖಾ ನೋಡ್ಲಾಕ ಆಗಲಿಲ್ಲ. ನಮ್ಮಲ್ಲಿ ಮೂರು ಹಿಡಿ ಮಣ್ಣು ಹಾಕೋದು ಅದಾ, ಅದೂ ಆಗಲಿಲ್ಲ. ಪಿಪಿಇ ಕಿಟ್ ಹಾಕ್ಕೊಂಡ ನಾಕು ಹುಡುಗ್ರು ಎಲ್ಲಾ ಮಾಡಿದ್ರು. ಅದ್ರಾಗ ಒಬ್ಬಾವ ನನ್ನ ಕಡೆ ತಿರುಗಿ ಒದರಿ ಕೇಳಿದ, ‘ಭಾಯಿ, ನಿಮ್ಮ ಹೆಸರೇನು?’ ನಾ ಹೇಳಿದೆ. ಅವ ನನ್ನ ಹೆಸರು ಜೋರಾಗಿ ಹೇಳಿ, ಇದು ಅವನ ಕಡಿಂದ ಅಂತ ಮೂರು ಹಿಡಿ ಮಣ್ಣು ಹಾಕಿದ. ಅವನ ಮುಖಾ ನಾ ನೋಡಿಲ್ಲ, ಮಾಸ್ಕ್ ಇತ್ತು, ಕನ್ನಡಕ ಇತ್ತು. ಈಗೂ ಮಾರ್ಕೆಟ್‌ನಾಗ ಅವನ ವಯಸ್ಸಿನ ಹುಡುಗ್ರನ್ನ ನೋಡಿದ್ರ ಇವನೇ ಇರಬಹುದೇನೋ ಅಂತ ನಿಂತು ನೋಡ್ತೀನಿ.

ಅಮ್ಮಿ ಹೋಗಿದ್ದು ಇನ್ನೂ ಚುಚ್ತದ. ಆದ್ರ ಅದರ ಬಗಲಾಗೇ ಆ ಮೂರು ಹಿಡಿ ಮಣ್ಣೂ ಅದಾ. ನಾ ಕೇಳಿರಲಿಲ್ಲ, ನಾ ದುಡ್ದಿರಲಿಲ್ಲ. ಅದಕ್ಕ ಏನಂತ ಹೆಸರಿಡಬೇಕು ನನಗ ತಿಳಿವಲ್ದು.

ಬೀದರ್_ಕೋಟಿ

ನಾವು ಬೀದರದ ಮೆಥೊಡಿಸ್ಟ್ ಮಂದಿ, ನಮ್ಮಲ್ಲಿ ಅದಕ್ಕ ಕೃಪೆ ಅಂತಾರ ಅಣ್ಣಾ. ದುಡ್ದು ಗಳಸ್ಲಾಕ ಬರಲಾರದ್ದು.

ಅಳೋದ್ರ ಬಗ್ಗೆ ನಮ್ಮ ಪುಸ್ತಕದಾಗೂ ಅದಾ. ಲಾಜರ ಅನ್ನೋ ಗೆಳೆಯ ಸತ್ತಾಗ ಯೇಸು ಅವನ ಸಮಾಧಿ ಕಡೆ ಹೋಗೋವಾಗ ಅತ್ತ. ಜರಾ ಹೊತ್ತಿಗಿ ಅವನ್ನ ತಾನೇ ಎಬ್ಬಸ್ತೀನಿ ಅಂತ ಗೊತ್ತಿತ್ತು, ಆದ್ರೂ ಅತ್ತ. ಎಬ್ಬಸ್ಲಾಕ ಬರಲಾರದ ನಾವು ಅಳಬಾರದಂತ!

ನರ್ಸಕ್ಕ (ಯಾದಗಿರಿ)

ಅಕ್ಕಾ, ನಾನು ಸ್ಟಾಫ್ ನರ್ಸ್, 14 ವರ್ಷ ಆತು, ಐಸಿಯು ಹೊರಗಿನ ಬೆಂಚ್ ಮ್ಯಾಲ ಕುಂತ ಮಂದೀನ ಭಾಳ ನೋಡೀನಿ. ನನಗ ತಿಳಿದಷ್ಟು ಹೇಳ್ತೀನಿ, ಡ್ಯೂಟಿ ನಡುವ ಬರಿಲತ್ತೀನಿ, ಹಿಂದ ಮುಂದ ಆದ್ರ ತಪ್ಪು ತಿಳೀಬ್ಯಾಡ್ರಿ.

ದುಃಖಕ್ಕ ಐದು ಮೆಟ್ಟಲು, ಕಡೀದು ಒಪ್ಕೊಳ್ಳೋದು, ಹಿಂಗ ಯೂಟ್ಯೂಬ್‌ನಾಗ ಎಲ್ಲಾರೂ ಹೇಳ್ತಾರಲ್ಲ, ಅದು 1969ರಾಗ ಎಲಿಜಬೆತ್ ಕೂಬ್ಲರ್ ರಾಸ್ ಅನ್ನೋ ಡಾಕ್ಟರ್ ಬರದಿದ್ದು, ಅದೂ ಸಾಯ್ಲಾಕ ಬಂದ ಪೇಷಂಟ್‌ಗಳ ಜೋಡಿ ಮಾತಾಡಿ ಬರದಿದ್ದು. ಉಳದವ್ರು ಒಂದೊಂದೇ ಮೆಟ್ಟಲು ಹತ್ತಿ ಕಡೀಗಿ ಮಾಳಗಿ ಮ್ಯಾಲ ಹೋಗಿ ನಿಂದ್ರಬೇಕು ಅಂತ ಅಲ್ಲ. 1999ರಾಗ ನೆದರ್ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು ಹೇಳಿದ್ದು ನನಗ ಬರೋಬರಿ ಅನ್ನಸ್ತದ, ದುಃಖದಾಗಿರೋ ಮನಷ್ಯಾ ಜೋಕಾಲಿ ಇದ್ದಂಗ, ಒಮ್ಮೆ ಹೋದವರ ಕಡೆ ಹೋಗ್ತಾನ, ಒಮ್ಮೆ ಕರೆಂಟ್ ಬಿಲ್ಲು, ಮಕ್ಕಳ ಫೀಸು, ಅಡಗಿ ಕಡೆ ಬರ್ತಾನ. ಎರಡೂ ಕಡೆ ಹೋಗಿ ಬರೋದೇ ಸುಧಾರಿಸೋದು. ಒಂದೇ ಕಡೆ ಸಿಕ್ಕೊಂಡು ನಿಂತ್ರ ತ್ರಾಸು. ಮ್ಯಾಲಿನ ಕಲ್ಲಣ್ಣಾರು ಆರು ತಿಂಗಳು ಒಂದೇ ಕಡೆ ನಿಂತಿದ್ರು ನೋಡ್ರಿ, ಹಲ್ಲು ಒಡೀತು.

ನಿಮ್ಮ ಅವ್ವನ ರೊಟ್ಟಿ ನನಗ ಹುಚ್ಚು ಅಂತ ಕಾಣಂಗಿಲ್ಲ. ಮೊದ್ಲಿನ ಕಾಲದಾಗ ಡಾಕ್ಟರ್‌ಗಳೂ ಹೋದವರ ಸಂಬಂಧ ಕಡ್ಕೊಂಡ್ರೇ ಆರಾಮ ಅಂತಿದ್ರು, ಈಗ ಹಂಗ ಅನ್ನಂಗಿಲ್ಲ, ಸಂಬಂಧ ಬ್ಯಾರೆ ರೂಪದಾಗ ಉಳಿಸ್ಕೊಳ್ಳೋದು ಸಹಜ ಅಂತಾರ. ಆದ್ರ ಬ್ಯಾರೆ ಕೆಲವು ನೋಡ್ರಿ. ಅವ್ವ ತಾನು ಊಟ ಮಾಡ್ತಾಳೇನು? ನಿದ್ದಿ ಬರ್ತದೇನು? ಸ್ನಾನ, ಮಾತು, ಬಗಲ ಮನ್ಯಾಗ ಹೋಗೋದು ಬರೋದು ಅದಾ ಇಲ್ಲೋ? ‘ನಾನೂ ಅವನ ಹಿಂದೇ ಹೋಗಬೇಕಿತ್ತು’ ಅಂತ ಘಳಿಗ್ಗೊಮ್ಮೆ ಅಂತಾಳೇನು? ಆರು ತಿಂಗಳು ದಾಟಿದ ಮ್ಯಾಲೂ ದಿನಾ ಅದೇ ತೀವ್ರ ನೋವು ಇದ್ದು ದಿನದ ಕೆಲಸಾನೇ ನಡೀವಲ್ದು ಅಂದ್ರ ವಿಶ್ವ ಆರೋಗ್ಯ ಸಂಸ್ಥೆ ಪಟ್ಟ್ಯಾಗ ಅದಕ್ಕ ಒಂದು ಕಾಯಿಲಿ ಹೆಸರು ಅದಾ, ಅಮೆರಿಕದ ಮನೋವೈದ್ಯರು 2022ರಾಗ ತಮ್ಮ ಪಟ್ಟ್ಯಾಗ ಸೇರಿಸ್ದಾಗ ದೊಡ್ಡವರಿಗಿ ಒಂದು ವರ್ಷ ಅಂತ ಇಟ್ಟಾರ. ಅದಕ್ಕ ಇಲಾಜ್ ಅದಾ, ನಾಚ್ಕಿ ಪಡೋದು ಏನಿಲ್ಲ. 14416 ಟೆಲಿ ಮಾನಸ್ ನಂಬರ್, ಮನಸ್ಸಿನ ತ್ರಾಸಿಗಿ ಸರ್ಕಾರದ ಸಹಾಯವಾಣಿ, ಪುಕಟ, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ. ಅವ್ವಗ ಅಷ್ಟೇ ಅಲ್ಲ ಅಕ್ಕಾ, ನಿಮಗೂ ಹೇಳ್ಲತ್ತೀನಿ.

ಯಾಕಂದ್ರ ನಿಮ್ಮ ಪೂರ್ತಿ ಬರವಣಿಗ್ಯಾಗ ನಾ ಅತ್ತೆ ಅನ್ನೋ ಮಾತು ಎಲ್ಲೂ ಇಲ್ಲ.

ಫೋನ್ ಬಗ್ಗೆ ಒಂದೇ ಮಾತು. ಅಕ್ಕ ತಮ್ಮಗ ಚಾರ್ಟ್ ಪೇಪರ್ ತಾ ಅಂತ ಹೇಳೋದು ತಪ್ಪಲ್ಲ. ತಪ್ಪಿಲ್ಲ ಅಂತ ನಾ ಹೇಳಿದ್ರೂ ನಿಮಗ ನಂಬಿಕಿ ಬರಂಗಿಲ್ಲ, ಅದು ನನಗ ಗೊತ್ತು. ಬೆಂಚ್ ಮ್ಯಾಲ ಕುಂತವ್ರು ಎಲ್ಲಾರೂ ಒಂದು ಫೋನ್ ಹಿಡ್ಕೊಂಡೇ ಕುಂತಿರ್ತಾರ, ಮಾಡಬಾರದಿತ್ತು ಅನ್ನಾವ ಒಬ್ಬ, ಮಾಡಬೇಕಿತ್ತು ಅನ್ನಾವ ಇನ್ನೊಬ್ಬ.

ಹಸಿಜೋಳ

ನರ್ಸಕ್ಕ, ಅವ್ವ ಉಣ್ತಾಳ, ಮಲಗ್ತಾಳ, ಓಣ್ಯಾಗ ಎಲ್ಲಾರ ಜೋಡಿ ಮಾತಾಡ್ತಾಳ. ಖರೆ ಹೇಳಬೇಕಂದ್ರ ನಿದ್ದಿ ಬರಲಾರದಾಕಿ ನಾನೇ. ಅತ್ತಿಲ್ಲ ಅಂದ್ರಲ್ಲ, ಅದನ್ನ ಓದಿ ಬಾತ್‌ರೂಮಿನಾಗ ಹೋಗಿ ನಲ್ಲಿ ಬಿಟ್ಟು ಕುಂತೆ. ನಾಳಿ ಫೋನ್ ಮಾಡ್ತೀನಿ ಆ ನಂಬರಿಗಿ.

ಕಲ್ಲಣ್ಣಾರೇ, ‘ಖರೆ ಅನ್ನೋದಕ್ಕ ಅಷ್ಟೇ ಸೈ’ ಅಂದಿದ್ದು ನನಗ ಹಿಡಸ್ತು. ರೋಜಾ ಅಣ್ಣಾ, ನಮ್ಮ ಬಗಲ ಮನಿ ಖಾಲಾ ಸೈತ ಐದು ದಿನ ಎರಡೂ ಹೊತ್ತು ಬುತ್ತಿ ತಂದು ಕಟ್ಟಿ ಮ್ಯಾಲ ಇಟ್ಟು ಹೋಗಿದ್ಲು, ಬಾಗಲಾ ಸೈತ ಬಡೀಲಿಲ್ಲ. ಆವಾಗ ಏನ್ ಉಂಡೀವಿ ನೆನಪಿಲ್ಲ, ಡಬ್ಬಿ ನೆನಪದಾ, ಹಸರು ಮುಚ್ಚಳದ್ದು. ವಾಪಸ್ ಕೊಟ್ಟಿದ್ದೀವೋ ಇಲ್ಲೋ ನೋಡಬೇಕು.

ಭಾಲ್ಕಿ_ಮಾಸ್ತರ

ತಂಗಿ, ನಾನು ನಿವೃತ್ತ ಶಾಲಾ ಮಾಸ್ತರ. ವಯಸ್ಸು 71. ಫೋನಿನಲ್ಲಿ ಟೈಪ್ ಮಾಡುವುದು ನಿಧಾನ.

‘ಮರಣವೇ ಮಹಾನವಮಿ’ ಎಂಬ ಮಾತನ್ನು ನಮ್ಮ ಜನ ಬಳಸುವ ರೀತಿ ನೋಡಿ ನನಗೆ ಬೇಸರವಾಗುತ್ತದೆ. ಅದು ಶರಣರು ತಮ್ಮ ಸಾವಿಗೆ ತಾವು ಹೇಳಿಕೊಂಡ ಮಾತು. ಸಾವು ಬರಲಿ, ಅಂಜುವುದಿಲ್ಲ, ನನಗೆ ಅದೇ ಹಬ್ಬ ಎಂದು ಎದೆ ತಟ್ಟಿ ಹೇಳಿದ್ದು. ಮಗನನ್ನು ಕಳಕೊಂಡ ತಂದೆಯ ಮುಂದೆ ಕೂತು ಹೇಳುವ ಮಾತಲ್ಲ. ನಿನ್ನ ಅಪ್ಪ ಎದ್ದು ಹೊರಗೆ ಹೋದದ್ದು ಸರಿಯಾಗೇ ಇದೆ.

ಹಬ್ಬದ ವಿಷಯ. ನೀವು ಲಿಂಗಾಯತರಾಗಿದ್ದರೆ ಒಂದು ಮಾತು ಹೇಳಬಹುದು, ಶರಣರು ಪಂಚಸೂತಕಗಳನ್ನೇ ಒಪ್ಪಲಿಲ್ಲ, ಅದರಲ್ಲಿ ಮರಣಸೂತಕವೂ ಒಂದು. ಕೂರಿಸಿ, ಕೈಯಲ್ಲಿ ಲಿಂಗ ಕೊಟ್ಟು, ವಿಭೂತಿ ಇಟ್ಟು ಮಣ್ಣು ಕೊಟ್ಟ ಮೇಲೆ ಮನೆಗೆ ಮೈಲಿಗೆ ಎಲ್ಲಿಂದ ಬಂತು? ಮಾಡಬೇಕು ಅನ್ನಿಸಿದರೆ ಮಾಡಿ, ಬೇಡ ಅನ್ನಿಸಿದರೆ ಬಿಡಿ, ಆದರೆ ಸೂತಕದ ಹೆದರಿಕೆಗೆ ಬಿಡಬೇಡಿ.

ಷಟ್‌ಸ್ಥಲ ಎಂದರೆ ಶರಣರು ಹೇಳಿದ ಭಕ್ತಿಯ ಆರು ಮೆಟ್ಟಿಲು, ಅದರಲ್ಲಿ ಮೂರನೆಯದು ಪ್ರಸಾದಿಸ್ಥಲ. ಭಕ್ತ, ಮಹೇಶ ಆದ ಮೇಲೆ ಪ್ರಸಾದಿ. ಬಂದದ್ದನ್ನು ಪ್ರಸಾದ ಎಂದು ತಗೊಳ್ಳುವವನು. 32 ವರ್ಷ ಸಾಲಿಯಲ್ಲಿ ಇದನ್ನು ಹುಡುಗರಿಗೆ ಹೇಳಿಕೊಟ್ಟೆ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ.

ಹಸಿಜೋಳ

ಮಾಸ್ತರ್ರೇ ತಪ್ಪು ತಿಳೀಬ್ಯಾಡ್ರಿ. ಬಂದದ್ದೆಲ್ಲಾ ಪ್ರಸಾದ ಅಂದ್ರ ನನ್ನ ತಮ್ಮನ ಸಾವೂ ಪ್ರಸಾದ ಅಂತೀರೇನ್ರಿ? ಹಂಗಿದ್ರ ನನಗ ಬ್ಯಾಡ್ರಿ ಆ ಪ್ರಸಾದ.

ಭಾಲ್ಕಿ_ಮಾಸ್ತರ

ಸರಿಯಾಗಿ ಕೇಳಿದಿ. ನನ್ನ ಹೆಂಡತಿ ಹೋದಾಗ ನನ್ನ ಮಗ ಇದೇ ಪ್ರಶ್ನೆ ಕೇಳಿದ್ದ, ಆವಾಗ ನಾನು ಪುಸ್ತಕದ ಉತ್ತರ ಕೊಟ್ಟೆ. ಅವನು ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ತಪ್ಪು ಮತ್ತೆ ಮಾಡುವುದಿಲ್ಲ.

ಸಾವನ್ನು ಪ್ರಸಾದ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ದೊಡ್ಡ ಶರಣರಿಗೆ ಬಂದಿರಬಹುದು. ನಾನು ಅಷ್ಟು ದೂರ ಹೋಗಿಲ್ಲ, ಹೋಗುತ್ತೇನೆಂಬ ನಂಬಿಕೆಯೂ ಇಲ್ಲ. ಆದರೆ ಅವಳು ಹೋದ ಮೇಲೆ ನಾನು ಸಂಜೆ ಹೊತ್ತು ಮನೆಯಲ್ಲಿ ಇರಲಾರದೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದೆ, ಯಾವ ಬಸ್ಸಿಗೂ ಹತ್ತುತ್ತಿರಲಿಲ್ಲ. ಅಲ್ಲಿ ಶೇಂಗಾ ಮಾರುವ ಹುಡುಗ ಒಬ್ಬ, ನನ್ನ ಹಳೇ ವಿದ್ಯಾರ್ಥಿ ಅಂತೆ, ನನಗೆ ಗುರುತು ಸಿಗಲಿಲ್ಲ. ದಿನಾ ಬಂದು ಒಂದು ಪೊಟ್ಟಣ ಕೈಯಲ್ಲಿಟ್ಟು ಹೋಗುತ್ತಿದ್ದ. ರೊಕ್ಕ ಕೊಟ್ಟರೆ ತಗೊಳ್ಳುತ್ತಿರಲಿಲ್ಲ. ಮೊದಮೊದಲು ನನಗೆ ಸಿಟ್ಟು, ಮಾಸ್ತರನಿಗೆ ಭಿಕ್ಷೆ ಹಾಕುತ್ತಾನೇನು ಎಂದು. ಹದಿನೈದು ಇಪ್ಪತ್ತು ದಿನ ಆದ ಮೇಲೆ ಒಂದು ಸಂಜೆ ಕೈ ತಾನೇ ಮುಂದೆ ಹೋಯಿತು.

32 ವರ್ಷ ಹೇಳಿಕೊಟ್ಟ ಪಾಠ ನನಗೆ ಅಷ್ಟೇ ತಿಳಿದದ್ದು, ಆ ಬೆಂಚಿನ ಮೇಲೆ. ಸಾವು ಒಂದು ಕಡೆ. ಶೇಂಗಾ ಒಂದು ಕಡೆ. ಎರಡನ್ನೂ ಕೂಡಿಸಿ ಲೆಕ್ಕ ಬರೋಬರಿ ಮಾಡಲು ಹೋಗಬೇಡ.

ಶಿವನಿಚ್ಛೆ

ತಂಗಿ, ನಾ ಬರದಿದ್ದಕ್ಕ ತಪ್ಪಾತು. ನಮ್ಮ ಅಪ್ಪ ಹೋದಾಗ ನನಗ ಯಾರೋ ಹಂಗೇ ಹೇಳಿದ್ರು, ನಾನೂ ಅದನ್ನೇ ಮುಂದ ದಾಟಿಸಿದೆ. ಮಾಸ್ತರ್ರು ಹೇಳಿದ್ದು ಓದಿ ಸುಮ್ಕ ಕುಂತೀನಿ.

ಎಳ್ಳ ಅಮಾಸಿಗಿ ಹೋಗಿ ಬರ್ರಿ. ಹೊಲಾ ಸುಮ್ಕ ಬಿಡಬಾರದು. (ಇದು ಉಪದೇಶ ಅಲ್ಲ, ಒಕ್ಕಲಿಗ್ಯಾ ಆಗಿ ಹೇಳ್ಲತ್ತೀನಿ.)

ಶಹಾಬಾದ್‌ಕಲ್ಲು

ದೊಡ್ಡ ಮನಸ್ಸು ಅಣ್ಣಾ. ನಾನೂ ಜರಾ ಜಾಸ್ತಿ ಒದರಿದೆ.

ಹಸಿಜೋಳ (12 ದಿನದ ಮ್ಯಾಲ)

ಎಲ್ಲಾರಿಗೂ ಹೇಳ್ತೀನಿ ಅಂದಿದ್ದೆ, ತಡಾ ಆತು.

14416ಕ್ಕ ಎರಡು ಸಲ ಮಾತಾಡಿದೆ. ಮೊದಲ ಸಲ ಬರೇ ಅತ್ತೆ, ಆ ಕಡೆ ಇದ್ದಾಕಿ ಸುಮ್ಕ ಇದ್ಲು, ಫೋನ್ ಇಟ್ಟಾಳೇನೋ ಅಂತ ಹಲೋ ಅಂದ್ರ ‘ಇದ್ದೀನ್ರಿ’ ಅಂದ್ಲು. ಎರಡನೇ ಸಲ ಚಾರ್ಟ್ ಪೇಪರ್ ಬಗ್ಗೆ ಹೇಳಿದೆ. ಇನ್ನ ಆಸ್ಪತ್ರಿಗೂ ಒಮ್ಮೆ ಹೋಗಿ ಬಾ ಅಂದಾರ, ನಿದ್ದಿ ಸಂಬಂಧ. ಹೋಗ್ತೀನಿ.

ಎಳ್ಳ ಅಮಾಸಿಗಿ ಹೊಲಕ್ಕ ಹೋಗಿದ್ವಿ. ಅಪ್ಪ ಬರಂಗಿಲ್ಲ ಅಂತ ಕುಂತಿದ್ದ, ಮಗಳು ‘ಅಜ್ಜಾ ನಂಗ ಹೊಲದ ದಾರಿ ಗೊತ್ತಿಲ್ಲ’ ಅಂದ್ಲು (ಸುಳ್ಳು, ಬರೋಬರಿ ಗೊತ್ತದ ಆಕಿಗಿ), ಎದ್ದು ಬಂದ. ಅವ್ವ ಹಿಂದಿನ ರಾತ್ರಿನೇ ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗಿ ಎಲ್ಲಾ ಮಾಡಿದ್ಲು, ಯಾರೂ ಮಾಡು ಅಂದಿರಲಿಲ್ಲ, ಯಾರೂ ಬ್ಯಾಡ ಅಂದಿರಲಿಲ್ಲ. ತೊಗರಿ ಕೊಯ್ದಿರಲಿಲ್ಲ ಇನ್ನೂ, ಒಣಗಿ ಗಲಗಲ ಅಂತಿತ್ತು. ಬನ್ನಿ ಗಿಡದ ಬುಡಕ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪೂಜಿ ಮಾಡಿದ್ವಿ. ಚರಗಾ ಚೆಲ್ಲಾವ್ರು ಯಾರು ಅಂತ ಬಂದಾಗ ಎಲ್ಲಾರೂ ನೆಲಾ ನೋಡ್ಲತ್ತಿದ್ರು. ಅಪ್ಪ ಬುಟ್ಟಿ ನನ್ನ ಕೈಯಾಗ ಕೊಟ್ಟ, ಏನೂ ಅನ್ನಲಿಲ್ಲ. ನಮ್ಮ ಮನ್ಯಾಗ ಹೆಣ್ಮಕ್ಕಳು ಚರಗಾ ಚೆಲ್ಲಿದ್ದು ನಾ ನೋಡಿಲ್ಲ. ನಾ ಚೆಲ್ಲಿದೆ, ಮಗಳು ಹಿಂದ ಬಿಂದಿಗಿ ಹಿಡ್ದು ನೀರು ಬಿಟ್ಕೋತ ಬಂದ್ಲು. ಕೂಗಬೇಕಲ್ಲ, ಕೂಗ್ಲಾಕ ಹೋದ್ರ ಮೊದ್ಲಿಗಿ ದನಿ ಬರಲಿಲ್ಲ, ಅರ್ಧಾ ಹೊಲಾ ಸುತ್ತಿದ ಮ್ಯಾಲ ಬಂತು. ಆ ಕೂಗು ಕೇಳಿ ಅವ್ವ ಬನ್ನಿ ಗಿಡದ ಬುಡಕ ಕುಂತಾಕಿ ಒಮ್ಮೆಲೇ ಹಾಡ್ಕೊಂಡು ಅಳ್ಲಾಕ ಹತ್ತಿದ್ಲು. ಅವ ಹುಟ್ಟಿದ್ದು, ನಡದಿದ್ದು, ಹತ್ತನೇತ್ತ ಫೇಲ್ ಆಗಿದ್ದು, ಮುಟಗಿ ಬೇಡಿದ್ದು, ಒಂದೊಂದೇ ಹೆಸರಿಟ್ಟು ಹಾಡಿದ್ಲು. ಬಗಲ ಹೊಲದ ಹೆಣ್ಮಕ್ಕಳು ತಮ್ಮ ಊಟ ಬಿಟ್ಟು ಓಡಿ ಬಂದು ಆಕಿ ಸುತ್ತ ಕುಂತು ತಾವೂ ದನಿ ಕೂಡಿಸಿದ್ರು. ಅಪ್ಪ ಕಂಬಳಿ ಹಾಸಿ ಅವರಿಗೆಲ್ಲಾ ನಮ್ಮ ಬುತ್ತಿ ಬಿಚ್ಚಿ ಬಡಿಸಿದ.

ನರ್ಸಕ್ಕ, ರೊಟ್ಟಿ ಬಗ್ಗೆ ಕೇಳಿದ್ರಿ ಇನ್‌ಬಾಕ್ಸ್‌ನಾಗ. ಹೊಲದಿಂದ ಬಂದ ಮರುದಿನ ಅವ್ವ ಹತ್ತೇ ಬಡದಿದ್ಲು. ನಾ ಎಣಿಸಿದೆ, ಏನೂ ಕೇಳಲಿಲ್ಲ. ಇವತ್ತ ಮತ್ತ ಹನ್ನೆರಡು.

ಖಾಲಾನ ಹಸರು ಮುಚ್ಚಳದ ಡಬ್ಬಿ ಸಿಕ್ತು, ಅಟ್ಟದ ಮ್ಯಾಲ ಇತ್ತು. ಖಾಲಿ ಕೊಡಬಾರದು ಅಂತ ಭಜ್ಜಿ ಹಾಕಿ ಕೊಟ್ಟು ಬಂದೆ. ಚಾರ್ಟ್ ಪೇಪರ್ ಇನ್ನೂ ಅಲ್ಮಾರಿ ಮ್ಯಾಲೇ ಅದಾ.

ರೋಜಾ_ಗಲ್ಲಿ

ಇರಲಿ ಬಿಡ್ರಿ ಅಕ್ಕಾ ಅಲ್ಲೇ. ಭಜ್ಜಿ ಖಾಲಾಗಿ ಹಿಡಸ್ತೇನು?

ಹಸಿಜೋಳ

ಖಾರ ಕಮ್ಮಿ ಆಗ್ಯಾದ ಅಂದ್ಲು 😀 ಡಬ್ಬಿ ತೊಳೆದು ಮತ್ತ ನಮಗೇ ವಾಪಸ್ ಕೊಟ್ಟಾಳ, ಒಳಗ ಸೇವಿ ಹಾಕಿ.